ಅಗ್ಗದ ಪಾನಾ

ಎಂಬತ್ತರ ದಶಕದ ಕೊನೆಯಲ್ಲಿ, ಸಾಂಕೋಲೆ ಊರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ತಮ್ಮ ಹಳೆಯ ಟಿಪ್ಪರನ್ನು ಅಂಗಳದಲ್ಲೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ದಪ್ಪ ನಟ್ಟು ಬಿಚ್ಚುವ ದೊಡ್ಡ ಪಾನಾಗಳು ಹೊಸವಾದರೆ ದುಬಾರಿ. ಅವರು ಗುಜರಿಯಲ್ಲಿ ಕೊಳ್ಳುತ್ತಿದ್ದರು. ಪ್ರತಿಯೊಂದನ್ನೂ ಬೆರಳಿಗೆ ತೂಗುಹಾಕಿ, ಇನ್ನೊಂದರಿಂದ ಬಡಿದು, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ಆಮೇಲೆ ನಟ್ಟು ಹಿಡಿಯುವ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ, "ಬಣ್ಣ ಬ್ಯಾಡ್ರಿ, ಬಾಯಿ ನೋಡ್ರಿ" ಎನ್ನುತ್ತಿದ್ದರು.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಫಳಫಳ ಹೊಳೆಯುವ ಪಾನಾ ಒಂದು ಅರ್ಧ ಬೆಲೆಗಿತ್ತು. ಅವರು ಬಡಿದು ನೋಡಿ ಕೆಳಗಿಟ್ಟರು. "ಇಷ್ಟು ಅಗ್ಗಕ್ಕೆ ಮತ್ತೆ ಸಿಗೋದಿಲ್ಲ, ತಗೊಳ್ಳಿ" ಎಂದು ನಾನೇ ಒತ್ತಾಯಿಸಿದೆ.

"ಕಾಲೇಜ್ ಕಲಿತವ್ರು ಹೇಳಾಕತ್ತೀರಿ, ಇರ್ಲಿ" ಎಂದು ಕೊಂಡರು.

ಸಂಜೆ ಚಕ್ರದ ನಟ್ಟು ಜಗ್ಗಲಿಲ್ಲ. ಪಾನಾದ ಹಿಡಿಗೆ ಕಬ್ಬಿಣದ ಪೈಪು ತೊಡಿಸಿದರು. ಬಗ್ಗಿ ನೋಡುತ್ತಿದ್ದ ನನ್ನನ್ನು "ಅತ್ತ ಸರೀರಿ ಸರ್" ಎಂದು ಮೊಣಕೈಯಿಂದ ದೂಡಿ, ಪೈಪಿನ ಮೇಲೆ ಮೈಭಾರ ಬಿಟ್ಟರು. ಪಾನಾದ ಬಾಯಿ ಮುರಿಯಿತು. ಅದರ ತುಂಡು ನನ್ನ ಮುಖವಿದ್ದ ಜಾಗದಲ್ಲೇ ಹಾದು ಹಿಂದಿನ ತಗಡಿನ ಗೋಡೆಯನ್ನು ಸೀಳಿತು. ಮುಗ್ಗರಿಸಿದ ಅವರ ಬೆರಳುಗಳು ಚಕ್ರಕ್ಕೆ ಬಡಿದು ಜಜ್ಜಿಹೋದವು. ಆ ಕ್ಷಣ ನೆನಪಾದಾಗಲೆಲ್ಲ ಈಗಲೂ ಮುಖ ಹಿಂದಕ್ಕೆಳೆದುಕೊಳ್ಳುತ್ತೇನೆ.

ಅವರ ಹೆಂಡತಿ ಓಡಿಬಂದರು. "ಇಂಥಾ ದರಿದ್ರ ಪಾನಾ ಯಾಕ್ ತಂದ್ರಿ? ಸರ್, ನೀವರ ಬ್ಯಾಡ ಅನ್ನಬಾರದಿತ್ತೇನ್ರಿ?"

"ಹೇಳಿದೆ. ಅವರು ಕೇಳಲಿಲ್ಲ" ಎಂದೆ.

ಅವರು ರಕ್ತ ಸುರಿಯುವ ಕೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದರು. ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು.

"ಹೌದ," ಎಂದರು ಹೆಂಡತಿಗೆ. "ಸರ್ ಭಾಳ ಹೇಳಿದ್ರು. ನಾನ ಕೇಳಲಿಲ್ಲ."