ಕಾಗದದಲ್ಲಿ ನಾನೇ ದೊಡ್ಡವಳು

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಪಾಸ್‌ಪೋರ್ಟ್ ನೋಡಿದರೆ ನಾನೇ ಅವಳಿಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಶಾಲೆಗೆ ಹಾಕುವಾಗ ಹೆಡ್‌ಮಾಸ್ತರರು, ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು, ವಯಸ್ಸು ಮೂರು ವರ್ಷ ಕಡಿಮೆ ಬರೆದರು. ನನ್ನನ್ನು ಮನೆಗೆಲಸಕ್ಕೆಂದು ಮೂರನೇ ಇಯತ್ತೆಗೇ ಶಾಲೆ ಬಿಡಿಸಿದರು. ಹದಿನೇಳಕ್ಕೆ ಮದುವೆ ಮಾಡಿ ಇಂಗ್ಲೆಂಡಿಗೆ ಕಳಿಸುವಾಗ, ವೀಸಾಕ್ಕೆ ತೊಂದರೆಯಾಗದಿರಲಿ ಎಂದು ಅಪ್ಪ ಅಫಿಡವಿಟ್ ಮಾಡಿಸಿ ಇಪ್ಪತ್ತೊಂದು ಎಂದು ಬರೆಸಿದ. ಆ ಸಂಬಂಧ ಹುಡುಕಿದವಳೂ ಅಕ್ಕನೇ. ಡಾಕ್ಟರ ಹೆಂಡತಿಯಾಗಿ ಅವಳು ಮೊದಲೇ ಬರ್ಮಿಂಗ್‌ಹ್ಯಾಮಿಗೆ ಬಂದಿದ್ದಳು. ನಾನು ಮ್ಯಾಕಲ್ಸ್‌ಫೀಲ್ಡಿಗೆ ಬಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ ಹಿಡಿದೆ.

ಆ ವರ್ಷ ಬರ್ಮಿಂಗ್‌ಹ್ಯಾಮಿನ ನಮ್ಮ ಕಡೆಯವರ ಕೂಟದಲ್ಲಿ ಬೀಸುವ ಪದ ಹಾಡುವ ಸ್ಪರ್ಧೆ ಇಟ್ಟರು. ಅರವತ್ತು ತುಂಬಿದವರಿಗೆ ಮಾತ್ರ. ಹಿಂದಿನ ಸಲ ಐವತ್ತರ ಹೆಂಗಸೊಬ್ಬಳು ಹಿರಿಯರ ಬಹುಮಾನ ಹೊಡೆದುಕೊಂಡಳೆಂದು ಜಗಳವಾಗಿತ್ತು, ಅದಕ್ಕೇ ಈ ಸಲ ಪಾಸ್‌ಪೋರ್ಟ್ ತೋರಿಸಬೇಕಾಗಿತ್ತು. ಅಕ್ಕನಿಗೆ ಮುಂದಿನ ತಿಂಗಳು ಥೈರಾಯ್ಡ್ ಆಪರೇಷನ್. ದನಿ ಮೊದಲಿನ ಹಾಗೆ ಉಳಿಯುತ್ತದೆಂದು ಖಾತ್ರಿ ಕೊಡಲಾಗದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅದಕ್ಕೇ ಅವಳಿಗೆ ಒಮ್ಮೆ ಜನರ ಮುಂದೆ ಹಾಡಬೇಕಿತ್ತು. ಹೆಸರು ಕೊಡಲು ನಾನೂ ಜೊತೆಗೆ ಹೋದೆ.

ಹೆಸರು ಬರೆದುಕೊಳ್ಳುತ್ತಿದ್ದವರು ಮೈಸೂರು ಕಡೆಯ ಒಬ್ಬ ಡಾಕ್ಟರು. ಅಕ್ಕನ ಪಾಸ್‌ಪೋರ್ಟ್ ನೋಡಿ ತಲೆಯಾಡಿಸಿದರು. "ಐವತ್ತೆಂಟು ಅಂತಿದೆಯಲ್ಲಮ್ಮ."

"ಶಾಲಿಯೊಳಗ ಬರೆದದ್ದು ಸುಳ್ಳರೀ. ನನಗ ಅರವತ್ತೊಂದು. ಇಕಿ ನನ್ನ ತಂಗಿ, ಇಕೀನ್ನ ಕೇಳ್ರಿ."

ಅವರು ನನ್ನ ಪಾಸ್‌ಪೋರ್ಟ್ ತೆರೆದರು. "ಇವರಿಗೆ ಅರವತ್ತೊಂದು. ಇವರು ನಿಮ್ಮ ತಂಗಿ ಹೇಗಾಗ್ತಾರೆ?"

ಹಿಂದೆ ಸಾಲಿನಲ್ಲಿದ್ದವರು ನಕ್ಕರು. "ಇಷ್ಟ್ ದಿನ ದೊಡ್ಡಾಕಿ ಕಡೆಯಿಂದ ಕಾಲಿಗೆ ಬೀಳಿಸ್ಕೊಂಡಿರೇನ್ರಿ?" ಎಂದಳು ಒಬ್ಬಳು.

ಅಕ್ಕ ನನ್ನ ತೋಳು ಹಿಡಿದಳು. "ಹೇಳಲೇ. ಯಾರು ದೊಡ್ಡಾಕಿ ಹೇಳು."

ಹೇಳಿದ್ದರೆ ಅವರು ನಂಬುತ್ತಿದ್ದರು. ಆದರೆ ಆಗ ನನಗೆ ಐವತ್ತೇಳೇ ಎಂದು ಹೊರಬಿದ್ದು ನಾನು ಹಾಡುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಶಾಲೆ ಪೂರ್ತಿ ಕಲಿತವಳು ಅವಳು. ಆ ಶಾಲೆಯ ಕಾಗದವೇ ಈಗ ಅವಳನ್ನು ಹೊರಗೆ ನಿಲ್ಲಿಸಿದೆ ಎಂದು ನನಗೆ ಒಳಗೊಳಗೇ ಹಿತವಾಯಿತು.

"ನಾ ಕಲಿತಾಕಿ ಅಲ್ಲರೀ," ಎಂದೆ. "ಪಾಸ್‌ಪೋರ್ಟಿನ್ಯಾಗ ಏನದ, ಅದ ಖರೆ."

ಅಕ್ಕ ತೋಳು ಬಿಟ್ಟಳು.

ನಾನು ಹಾಡಿದೆ. ಮೊದಲ ಬಹುಮಾನ ಬಂತು: ಒಂದು ಶಾಲು, ಒಂದು ಬೆಳ್ಳಿ ಬಟ್ಟಲು. ಯಾರಿಂದ ಕಲಿತಿರಿ ಎಂದು ಮೈಕಿನಲ್ಲಿ ಕೇಳಿದರು. ಅವ್ವನಿಂದ ಎಂದೆ. ಅವ್ವ ಸತ್ತಾಗ ನನಗೆ ಮೂರು ವರ್ಷ. ಅಷ್ಟೂ ಪದಗಳನ್ನು ಬೀಸುವ ಕಲ್ಲಿನ ಎದುರು ಕೂರಿಸಿಕೊಂಡು ಕಲಿಸಿದವಳು ಮೂರನೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದಳು.

ಸ್ಟೇಷನ್ನಿಗೆ ಅವಳೇ ಕಾರಿನಲ್ಲಿ ಬಿಟ್ಟಳು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಬೆಲ್ಟ್ ಹಾಕ್ಕೋರಿ, ಅಕ್ಕಾರ."

ಆಪರೇಷನ್ ಆದಮೇಲೆ ಅವಳ ದನಿ ಪಿಸುಮಾತಿನಷ್ಟೇ ಉಳಿಯಿತು. ಫೋನಿನಲ್ಲಿ ನನಗೆ ಕೇಳಿಸುವುದಿಲ್ಲ ಎಂಬ ನೆಪದಿಂದ ನಾನು ಫೋನು ಮಾಡುವುದನ್ನೂ ಕಡಿಮೆ ಮಾಡಿದೆ. ಮರುವರ್ಷ, ಅನ್ಯಾಯವಾಗುತ್ತದೆಂದು ಕೆಲವರು ದೂರಿದ್ದಕ್ಕೆ, ವಯಸ್ಸಿನ ಮಿತಿಯನ್ನು ಐವತ್ತೈದಕ್ಕೆ ಇಳಿಸಿದರು. ನಮ್ಮಿಬ್ಬರಲ್ಲಿ ಯಾರ ಪಾಸ್‌ಪೋರ್ಟ್ ತೋರಿಸಿದರೂ ನಡೆಯುತ್ತಿತ್ತು.

ಅಕ್ಕ ಹೆಸರು ಕೊಡಲಿಲ್ಲ. ನಾನು ಕೊಟ್ಟೆ.