ಭಾವನ ಗಾಡಿಯಲ್ಲಿ ದಮ್ಮಿಲ್ಲ

ಕಾರು ಓಡಿಸುವ ಹುಚ್ಚು ಹಿಡಿದವರನ್ನು ಒಂದು ಮಾತು ಕೇಳಿ ನೋಡಿ: ಯಾಕೆ ಸೋತಿರಿ? ಟಯರು ಅನ್ನುತ್ತಾರೆ. ಪೆಟ್ರೋಲು ಅನ್ನುತ್ತಾರೆ. ಖಾಡಿಯ ಹಿನ್ನೀರಿನ ಕಡೆಯಿಂದ ಗಾಳಿ ಬಂತು ಅನ್ನುತ್ತಾರೆ. ಒಬ್ಬ ಮಹಾಶಯ ನನ್ನ ಹತ್ತಿರ, ಶೂ ಹೊಸದು, ಕಾಲಿಗೆ ಪೆಡಲು ಗೊತ್ತಾಗಲಿಲ್ಲ ಅಂದಿದ್ದ. "ನನಗೆ ಓಡಿಸಲು ಬರುವುದಿಲ್ಲ" ಅಂದ ಒಬ್ಬನನ್ನೂ ನಾನು ನೋಡಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕ್ಲಬ್ಬಿನಲ್ಲಿ ಇಪ್ಪತ್ತು ಮಂದಿ ಇದ್ದೆವು, ಇಪ್ಪತ್ತು ಮಂದಿಗೂ ನೆಲ ಒಂದೊಂದು ಕಡೆ ಡೊಂಕು.

ಕ್ಲಬ್ಬು ಅಂದರೆ ದೊಡ್ಡದೇನೂ ಅಲ್ಲ. ಸೀವುಡ್ಸ್ ಸ್ಟೇಷನ್ ದಾಟಿದ ಮೇಲೆ ಒಂದು ಖಾಲಿ ಪ್ಲಾಟು ಇತ್ತು. ಗೋದಾಮು ಕಟ್ಟುತ್ತೇವೆ ಎಂದು ಡಾಂಬರು ಹಾಕಿದ್ದರು, ಗೋದಾಮು ಮಾತ್ರ ಏಳಲೇ ಇಲ್ಲ. ಯಜಮಾನನ ಒಪ್ಪಿಗೆ ಪಡೆದು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ಇಟ್ಟು ದಾರಿ ಮಾಡುತ್ತಿದ್ದೆವು. ಒಂದು ಸಲಕ್ಕೆ ಒಂದೇ ಕಾರು. ಕೋನುಗಳ ನಡುವೆ ಸುತ್ತಿ ಬರಬೇಕು, ಗಡಿಯಾರ ಹಿಡಿದವನು ಸಮಯ ಬರೆದುಕೊಳ್ಳುತ್ತಾನೆ. ಒಂದು ಕೋನು ಬೀಳಿಸಿದರೆ ಎರಡು ಸೆಕೆಂಡು ದಂಡ. ಇಷ್ಟೇ ಆಟ. ಇಷ್ಟಕ್ಕೇ ಡೊಂಬಿವಲಿಯಿಂದ, ಕಲ್ಯಾಣದಿಂದ ಕತ್ತಲಲ್ಲೇ ಎದ್ದು ಬರುತ್ತಿದ್ದರು ಪುಣ್ಯಾತ್ಮರು.

ನನ್ನನ್ನು ಅಲ್ಲಿಗೆ ಎಳೆದು ತಂದವರು ನನ್ನ ಭಾವ, ಅಕ್ಕನ ಗಂಡ. ಉಡುಪಿ ಕಡೆಯವರು, ಠಾಣೆಯಲ್ಲಿ ಹೋಟೆಲು. ಆ ಕಸುಬಿನಲ್ಲಿ ಅವರನ್ನು ಮೀರಿಸುವವರಿಲ್ಲ. ಗಲ್ಲೆಯಲ್ಲಿ ಕೂತು ಒಳಗಿನ ಕಾವಲಿಯ ಸದ್ದು ಕೇಳಿಯೇ ಬೆಂಕಿ ಜಾಸ್ತಿ ಆಯಿತು ಎಂದು ಕೂಗಿ ಹೇಳುವ ಮನುಷ್ಯ. ಅದೇ ಮನುಷ್ಯ ಸ್ಟೇರಿಂಗ್ ಹಿಡಿದರೆ ಟಯರು ಕಿರುಚಿಕೊಂಡರೂ ಕೇಳಿಸುವುದಿಲ್ಲ! ತಿರುವಿನ ತನಕ ನುಗ್ಗುತ್ತಿದ್ದರು. ತಿರುವಿನ ಒಳಗೆ ಹೋದ ಮೇಲೆ ಬ್ರೇಕಿನ ನೆನಪು. ಕಣ್ಣು ಯಾವಾಗಲೂ ಮೂಗಿನ ಎದುರಿನ ಕೋನಿನ ಮೇಲೆ, ಮುಂದಿನದರ ಮೇಲೆ ಅಲ್ಲ. ಮತ್ತೆ ಗಾಡಿ ನೇರ ಆಗುವ ಮೊದಲೇ ಕಾಲು ಆಕ್ಸಿಲರೇಟರಿನ ಮೇಲೆ. ಇಳಿದು ಬಂದು ಬಾನೆಟ್ ತಟ್ಟಿ ಹೇಳುವುದು ಒಂದೇ: "ಇದರಲ್ಲಿ ಪಿಕಪ್ಪೇ ಇಲ್ಲ ಮಾರಾಯ."

ನಾವು ಏನು ಹೇಳುತ್ತಿದ್ದೆವು? "ಹೌದು ಭಾವ, ಇಲ್ಲ."

ಇದು ನಮ್ಮವರ ರೋಗ. ಅಕ್ಕನ ಗಂಡನನ್ನು ನಮ್ಮ ಮನೆಯಲ್ಲಿ ಯಾರೂ ಸೋಲಿಸುವುದಿಲ್ಲ. ಹಾಗಂತ ಯಾರೂ ಕಲಿಸುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಬಂಗುಡೆಯ ದೊಡ್ಡ ತುಂಡು ಅವರ ಬಟ್ಟಲಿಗೆ, ಫ್ಯಾನಿನ ಕೆಳಗಿನ ಕುರ್ಚಿ ಅವರಿಗೆ, ಕೇರಂನಲ್ಲಿ ರಾಣಿ ಅವರಿಗೆ. ನನ್ನ ಅಪ್ಪ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕೇರಂಗೆ ಹೆಸರಾದವರು, ಅಳಿಯ ಎದುರು ಕೂತ ಕೂಡಲೇ ಅವರ ಬೆರಳಿಗೆ ನೋವು ಶುರುವಾಗುತ್ತಿತ್ತು. ಭಾವ ಗೆದ್ದು ನಗುವಾಗ ಅಪ್ಪ ಬೆರಳು ನೀವಿಕೊಳ್ಳುವುದನ್ನು ನೋಡಿಯೇ ನಾನು ದೊಡ್ಡವನಾದದ್ದು.

ಸರಿ, ನಮಗೆ ಭಾವ. ಕ್ಲಬ್ಬಿನವರಿಗೆ ಏನಾಗಿತ್ತು ಧಾಡಿ? ಅವರಿಗೆ ಇಡ್ಲಿಯಾಗಿತ್ತು. ಪ್ರತಿ ಭಾನುವಾರ ಭಾವ ಇಪ್ಪತ್ತು ಮಂದಿಗೆ ಬಿಸಿ ಡಬ್ಬದಲ್ಲಿ ಇಡ್ಲಿ ವಡೆ, ಚಟ್ನಿ, ಶೀರಾ, ದೊಡ್ಡ ಥರ್ಮಾಸಿನಲ್ಲಿ ಕಾಫಿ ತರುತ್ತಿದ್ದರು. ಬಾಯಲ್ಲಿ ವಡೆ ಇಟ್ಟುಕೊಂಡು ತಂದವನ ಡ್ರೈವಿಂಗ್ ಯಾರು ಬಯ್ಯುತ್ತಾರೆ? "ಅಣ್ಣಾ, ಗಾಡಿ ಮೇ ದಮ್ ನಹೀ ಹೈ" ಅನ್ನುತ್ತಾ ಇನ್ನೊಂದು ವಡೆಗೆ ಕೈ ಹಾಕುತ್ತಿದ್ದರು. ಭಾವ ಅದನ್ನು ನಂಬುತ್ತಿದ್ದರು. ಏರ್ ಫಿಲ್ಟರ್ ಬದಲಾಯಿತು. ಸೈಲೆನ್ಸರ್ ಬದಲಾಯಿತು, ಸೊಸೈಟಿಯ ಮಕ್ಕಳೆಲ್ಲ ಕಿವಿ ಮುಚ್ಚಿಕೊಳ್ಳುವಂಥದ್ದು ಬಂತು. ಸ್ಪ್ರಿಂಗ್ ಗಿಡ್ಡ ಮಾಡಿಸಿದ್ದಕ್ಕೆ ಗಾಡಿ ಪ್ರತಿ ಸ್ಪೀಡ್ ಬ್ರೇಕರಿಗೆ ಹೊಟ್ಟೆ ಉಜ್ಜಿಕೊಂಡಿತು. ಸಮಯ ಮಾತ್ರ ಅಲ್ಲೇ.

ವಿಠ್ಠಲವಾಡಿಯ ಗ್ಯಾರೇಜಿನಲ್ಲಿ ಒಬ್ಬ ಮರಾಠಿ ಮಿಸ್ತ್ರಿ ಇದ್ದ, ಮಾತು ಕಮ್ಮಿ. ಒಂದು ಸಲ ಭಾವ ಚಹಾಕ್ಕೆ ಹೋಗಿದ್ದಾಗ ಅವನು ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ನನ್ನ ಹತ್ತಿರ ಹೇಳಿದ, ಗಾಡಿ ಚೆನ್ನಾಗಿದೆ, ಸೇಠನಿಗೆ ಓಡಿಸಲು ಕಲಿಸಿ. ಭಾವ ಬಂದು "ಏನಂತೆ?" ಎಂದರು. ನಾನು "ಗೇರ್‌ಬಾಕ್ಸ್ ನೋಡಬೇಕಂತೆ" ಎಂದೆ. ಥೂ ನನ್ನ ಬಾಯಿಗೆ!

ನನ್ನ ಕಥೆ ಇನ್ನೂ ಕೆಟ್ಟದ್ದು. ನಾನು ಸಾನಪಾಡಾದಲ್ಲಿ ಮನೆ ಮಾಡಿಕೊಂಡು ವಾಶಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ನನ್ನದು ಎರಡನೇ ಕೈಯ ಸಣ್ಣ ಹ್ಯಾಚ್‌ಬ್ಯಾಕು, ಬಾಗಿಲು ಹಾಕಲು ಎರಡು ಸಲ ಎಳೆಯಬೇಕು. ಆದರೆ ನನಗೆ ಓಡಿಸಲು ಬರುತ್ತಿತ್ತು. ಜಂಬ ಅಂದರೆ ಅನ್ನಿ. ಎಲ್ಲಿ ನಿಧಾನಿಸಬೇಕು, ಎಲ್ಲಿ ಬಿಡಬೇಕು ಎಂಬುದು ಎರಡು ಸುತ್ತಿನಲ್ಲಿ ನನ್ನ ಕೈಗೆ ಹತ್ತುತ್ತಿತ್ತು. ಮೊದಲ ಭಾನುವಾರವೇ ಭಾವನ ಸಮಯವನ್ನು ದಾಟುತ್ತಿದ್ದೇನೆ ಎಂದು ಗೊತ್ತಾದಾಗ ಕೊನೆಯ ಕೋನನ್ನು ಬೇಕೆಂದೇ ಬೀಳಿಸಿದೆ. ಎರಡು ಸೆಕೆಂಡು ದಂಡ. ಪಟ್ಟಿಯಲ್ಲಿ ಭಾವ, ಅವರ ಕೆಳಗೆ ನಾನು. ಆಮೇಲೆ ಏಳು ವರ್ಷ ಅದೇ ಕೆಲಸ. ನೋಡಿ, ನಿಧಾನ ಓಡಿಸುವುದು ಸುಲಭ. ಒಬ್ಬ ಕೆಟ್ಟ ಡ್ರೈವರಿನ ಬೆನ್ನಿಗೆ ಸರಿಯಾಗಿ ಅರ್ಧ ಸೆಕೆಂಡು ಹಿಂದೆ ಬರುವುದು ಸರ್ಕಸ್ಸು. ಅದಕ್ಕೆ ಯಾರೂ ಕಪ್ಪು ಕೊಡುವುದಿಲ್ಲ. "ನಿನ್ನ ಭಾವಮೈದನೂ ಪರವಾಗಿಲ್ಲ ಅಣ್ಣಾ, ಸ್ವಲ್ಪ ಕಲಿಯಬೇಕು" ಎಂದು ನನ್ನ ಬೆನ್ನು ತಟ್ಟುವವರ ಕೈ ಮುರಿಯಬೇಕು ಅನ್ನಿಸುತ್ತಿತ್ತು.

ವರ್ಷದ ಕೊನೆಯ ಭಾನುವಾರ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಗಾಡಿ ದೊಡ್ಡದೋ ಕೈ ದೊಡ್ಡದೋ ಎಂಬ ಜಗಳ ಮುಗಿಯಲಿ ಎಂದು ಯಾರೋ ತಂದದ್ದು. ಪಟ್ಟಿಯಲ್ಲಿ ಮೇಲೆ ಕೆಳಗೆ ಇರುವ ಇಬ್ಬಿಬ್ಬರು ಬೀಗದ ಕೈ ಬದಲಾಯಿಸಿಕೊಂಡು ಒಬ್ಬರ ಗಾಡಿಯನ್ನು ಇನ್ನೊಬ್ಬರು ಓಡಿಸಬೇಕು. ನನ್ನ ಜಾಣತನದಿಂದ ಪ್ರತಿ ವರ್ಷ ಭಾವನ ಗಾಡಿ ನನ್ನ ಪಾಲಿಗೇ. ಆರನೇ ವರ್ಷ ಅವರು ಒಂದು ದೊಡ್ಡ ಇಂಜಿನ್ನಿನ ಸೆಡಾನ್ ಇಟ್ಟುಕೊಂಡಿದ್ದರು, ಒಳ್ಳೆಯ ಗಾಡಿ. ನಾನು ಅದನ್ನು ಮದುಮಗಳನ್ನು ಕರೆತರುವವನ ಹಾಗೆ ಓಡಿಸಿ, ಅವರಿಗಿಂತ ಎರಡು ಸೆಕೆಂಡು ತಡವಾಗಿ ಬಂದು, "ಸ್ಟೇರಿಂಗ್ ಭಾರ ಭಾವ, ಇದು ನಮ್ಮ ಆಟದ ಗಾಡಿಯೇ ಅಲ್ಲ" ಎಂದೆ.

ಆ ಮಾತಿನ ಮೇಲೆ ಅವರು ಮರುವರ್ಷದ ಕೊನೆಯ ಹೊತ್ತಿಗೆ ಸೆಡಾನ್ ಮಾರಿ ಸ್ಪೋರ್ಟ್ಸ್ ಕಾರು ತಂದರು. ಪರದೇಶದ್ದು, ಕೈ ಬದಲಾಗಿ ಬಂದದ್ದು, ಎರಡೇ ಸೀಟು, ಇಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವಂಥದ್ದು. ತಿರುವಿನಲ್ಲಿ ಕಾಲು ಗಡಿಬಿಡಿ ಮಾಡಿದರೆ ಅದರ ಹಿಂಭಾಗ ಮುಂದೆ ಬರುತ್ತದೆ. ಗಡಿಬಿಡಿಯ ಕಾಲಿಗೆ ಇಂಥ ಗಾಡಿ ಕೊಡಿಸಿದವನು ನಾನು. ಅದರ ಮೇಲೆ ಭಾವ ಹೇಳಿದರು, ಮುಂದಿನ ತಿಂಗಳು ಕ್ಲಬ್ಬಿನವರು ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಹೋಗುತ್ತಾರೆ, ತಾವೂ ಹೆಸರು ಕೊಟ್ಟಾಯಿತು ಎಂದು. ಅಲ್ಲಿ ಪ್ಲಾಸ್ಟಿಕ್ ಕೋನು ಅಲ್ಲ, ಗೋಡೆ. ಒಬ್ಬೊಬ್ಬರಲ್ಲ, ಹತ್ತು ಗಾಡಿ ಒಟ್ಟಿಗೆ.

ಅಕ್ಕ ಫೋನು ಮಾಡಿದಳು. "ಘೋಡಬಂದರ್ ರೋಡಿನಲ್ಲಿ ಎರಡು ಸಲ ಅಡ್ಡ ತಿರುಗಿತು. ನಾನು ಪಕ್ಕದಲ್ಲೇ ಇದ್ದೆ. ಗಾಡಿ ಇನ್ನೂ ಸೆಟ್ ಆಗಿಲ್ಲ ಅಂತಾರೆ. ನಿಜ ಹೇಳು, ಗಾಡಿಯಾ, ಇವರಾ?"

"ಅವರೇ ಅಕ್ಕ."

"ಹಾಗಾದ್ರೆ ಹೇಳಬಾರದಾ? ಸತ್ತ ಮೇಲೆ ಹೇಳ್ತಿಯಾ?"

ಹೇಳುತ್ತೇನೆ ಎಂದೆ. ಮೂರು ಸಲ ಹೋಟೆಲಿಗೆ ಹೋದೆ. ಮೂರು ಸಲವೂ ಭಾವ ನನ್ನನ್ನು ಗಲ್ಲೆಯ ಪಕ್ಕ ಕೂರಿಸಿ ನೀರ್ ದೋಸೆ ತರಿಸಿದರು, ತಿಂದು ಬಂದೆ. ಬಾಯಿ ತೆರೆದದ್ದು ದೋಸೆಗೆ ಮಾತ್ರ.

ಆ ವರ್ಷದ ಕೊನೆಯ ಭಾನುವಾರ ಬಂತು. ಅಕ್ಕನೂ ಬಂದು ಇಡ್ಲಿ ಡಬ್ಬದ ಪಕ್ಕ ನಿಂತಿದ್ದಳು. ಭಾವ ತಮ್ಮ ಸ್ಪೋರ್ಟ್ಸ್ ಕಾರಿನಲ್ಲಿ ಐವತ್ತೆಂಟು ಸೆಕೆಂಡಿಗೆ ಬಂದರು. ಆಮೇಲೆ ಬೀಗದ ಕೈ ಬದಲಾಯಿತು, ನಾನು ಅವರ ಸೀಟಿನಲ್ಲಿ ಕೂತೆ. ಬಾಯಿಗೆ ಬರದ್ದನ್ನು ಗಡಿಯಾರವೇ ಹೇಳಲಿ ಎಂದು ಏಳು ವರ್ಷದಲ್ಲಿ ಮೊದಲ ಸಲ ಓಡಿಸಿದೆ, ನಿಜವಾಗಿ ಓಡಿಸಿದೆ. ಅಯ್ಯೋ ದೇವರೇ, ಎಂಥ ಗಾಡಿ! ಕೇಳಿದ ಕಡೆ ತಿರುಗುತ್ತಿತ್ತು, ಬಿಟ್ಟ ಕಡೆ ಹಾರುತ್ತಿತ್ತು. ಒಂದು ಕೋನೂ ಅಲ್ಲಾಡಲಿಲ್ಲ.

ಗಡಿಯಾರದವನು ಎರಡು ಸಲ ನೋಡಿದ. ಐವತ್ತು.

ಆಮೇಲೆ ಶುರುವಾಯಿತು. ಬಿಸಿಲು ಬಂದು ಟಯರು ಹಿಡಿಯಿತು ಎಂದ ಒಬ್ಬ. ಅಣ್ಣನ ಸುತ್ತಿನಲ್ಲಿ ಇಂಜಿನ್ ತಣ್ಣಗಿತ್ತು ಎಂದ ಇನ್ನೊಬ್ಬ. ಭಾವಮೈದ ತೂಕದಲ್ಲಿ ಕಮ್ಮಿ ಎಂದ ಮೂರನೆಯವನು, ಕೈಯಲ್ಲಿ ವಡೆ ಹಿಡಿದುಕೊಂಡೇ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸತ್ಯವನ್ನು ಅಂಗೈಯಲ್ಲಿಟ್ಟು ತೋರಿಸಿದರೂ ಈ ಮಂದಿ ಅದಕ್ಕೆ ಚಟ್ನಿ ಹಚ್ಚುತ್ತಾರಲ್ಲ!

ಭಾವ ಸಮಯದ ಹಾಳೆ ಕೇಳಿ ತೆಗೆದುಕೊಂಡರು. ಹಳೆಯ ಹಾಳೆಗಳೂ ಅದೇ ಕ್ಲಿಪ್ಪಿನಲ್ಲಿದ್ದವು. ಒಂದೊಂದಾಗಿ ಮಗುಚಿದರು. ಅವರ ಸಮಯ, ಕೆಳಗೆ ನನ್ನದು, ಅರ್ಧ ಸೆಕೆಂಡು. ಅವರ ಸಮಯ, ನನ್ನದು, ಅರ್ಧ ಸೆಕೆಂಡು. ಹೋಟೆಲು ನಡೆಸುವ ಮನುಷ್ಯನಿಗೆ ಇಷ್ಟು ಸಾಕು.

ನನ್ನನ್ನು ಗಾಡಿಯ ಆಚೆ ಕಡೆಗೆ ಕರೆದರು. "ಎಷ್ಟು ವರ್ಷದಿಂದ ಬಿಟ್ಟುಕೊಡ್ತಿದ್ದಿ?"

"ಹಾಗೇನಿಲ್ಲ ಭಾವ, ಇವತ್ತು ಏನೋ…"

"ಎಷ್ಟು ವರ್ಷ?"

"ಶುರುವಿನಿಂದ."

ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. "ನನಗೆ ಆಗ ನಲವತ್ತೈದು" ಎಂದರು. "ಮೊದಲ ದಿನವೇ ಹೇಳಿದ್ರೆ ಕಲೀತಿದ್ದೆ ಮಾರಾಯ. ದೋಸೆ ಹೊಯ್ಯಲು ಕಲಿತದ್ದು ಭಟ್ಟರ ಕೈಯಲ್ಲಿ ಬೈಗುಳ ತಿಂದೇ ಅಲ್ವಾ? ನನ್ನನ್ನು ಇಷ್ಟು ಮಂದಿಯ ಎದುರು ಇಷ್ಟು ವರ್ಷ ಕುಣಿಸಿ ನೀವೆಲ್ಲ ಮರ್ಯಾದೆ ಕೊಟ್ಟದ್ದು ಅಂತ ತಿಳ್ಕೊಂಡ್ರಿ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವರು ಬೀಗದ ಕೈ ತೆಗೆದುಕೊಂಡರು. "ಬಾ, ಪಕ್ಕದಲ್ಲಿ ಕೂತು ತಪ್ಪು ಹೇಳು. ಎಲ್ಲ ಹೇಳಬೇಕು."

ಕೂತೆ. ಹೊರಟರು. ಎರಡು ತಿರುವು ಹೇಗೋ ದಾಟಿತು. ಮೂರನೆಯದಕ್ಕೆ ಮತ್ತೆ ಅದೇ ನುಗ್ಗುವಿಕೆ, ಒಳಗೆ ಹೋಗಿ ಬ್ರೇಕು, ಗಾಡಿಯ ಹಿಂಭಾಗ ಸರ್ರನೆ ಜಾರಿ ಎರಡು ಕೋನು ಹಾರಿದವು. ಭಾವ ನಿಲ್ಲಿಸಿ ನನ್ನ ಮುಖ ನೋಡಿದರು. ನನ್ನ ಬಾಯಿ, ಯಾರು ತಡೆಯುತ್ತಾರೆ ಅದನ್ನು, "ಪರವಾಗಿಲ್ಲ ಭಾವ, ಟಯರು ಇನ್ನೂ ಬಿಸಿಯಾಗಿಲ್ಲ" ಅಂದಿತು.

"ಇಳಿ."

ಇಳಿದೆ. ಅವರು ಒಬ್ಬರೇ ಹೋದರು. ಸುತ್ತಿನ ಮೇಲೆ ಸುತ್ತು, ಗಾಡಿ ಜಾರುತ್ತಿತ್ತು, ಕೋನು ಬೀಳುತ್ತಿತ್ತು, ನಿಲ್ಲಿಸುತ್ತಿರಲಿಲ್ಲ. ಅಕ್ಕ ನನ್ನ ಪಕ್ಕಕ್ಕೆ ಬಂದಳು. "ಹೇಗೆ ಓಡಿಸ್ತಿದ್ದಾರೆ?"

"ಕೆಟ್ಟದಾಗಿ, ಅಕ್ಕ. ಹೀಗೆ ಹೋದ್ರೆ ಆ ಟ್ರ್ಯಾಕಿನಲ್ಲಿ ಗೋಡೆಗೆ ಹೊಡೀತಾರೆ."

"ನನಗ್ಯಾಕೆ ಹೇಳ್ತಿ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನಾನು ಕೋನುಗಳ ನಡುವೆ ಹೋಗಿ ಕೈ ಅಡ್ಡ ಹಿಡಿದು ನಿಂತೆ. ಬ್ರೇಕು ಎಂದಿನಂತೆ ತಡವಾಗಿ ಬಿತ್ತು, ಬಂಪರು ನನ್ನ ಮೊಣಕಾಲಿನ ಹತ್ತಿರ ನಿಂತಿತು. ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೆ ಬಂತು. "ಭಾವ, ನಿಮಗೆ ಓಡಿಸಲು ಬರುವುದಿಲ್ಲ!" ಎಂದು ಕಿರುಚಿದೆ. ಪ್ಲಾಟಿನ ಆಚೆಯವರಿಗೂ ಕೇಳಿಸಿರಬೇಕು. "ಗಾಡಿಯಲ್ಲಿ ಏನೂ ತಪ್ಪಿಲ್ಲ. ಯಾವ ಗಾಡಿಯಲ್ಲೂ ಇರಲಿಲ್ಲ. ಬ್ರೇಕು ತಡ, ಕಣ್ಣು ತಪ್ಪು, ಕಾಲು ಅವಸರ. ನಾವೆಲ್ಲ ಸುಳ್ಳು ಹೇಳಿದ್ದು. ಈ ಕೈಯಲ್ಲಿ ನೀವು ಆ ಟ್ರ್ಯಾಕಿಗೆ ಹೋಗಬಾರದು."

ಇಡ್ಲಿಯ ಹತ್ತಿರ ಇದ್ದವರೆಲ್ಲ ತಟ್ಟೆ ಹಿಡಿದುಕೊಂಡು ನಿಂತುಬಿಟ್ಟಿದ್ದರು. ಭಾವ ಇಂಜಿನ್ ಆರಿಸಿದರು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಎದುರಿಗೆ ನೋಡುತ್ತಾ ಕೂತರು. ಆಮೇಲೆ ಬಗ್ಗಿ ಎಡಗಡೆಯ ಬಾಗಿಲನ್ನು ಒಳಗಿನಿಂದ ತೆರೆದರು.

"ಕೂತುಕೋ" ಎಂದರು.