ಅವ್ವ ಉಣ್ಣದ ರೊಟ್ಟಿ

ಇವತ್ತು ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆಗೆ ಶಹಾಬಾದಿನ ನಮ್ಮ ಅಡುಗೆಮನೆ ಕಣ್ಮುಂದೆ ಬಂತು. ದಿನವಿಡೀ ಗಣಿಯಲ್ಲಿ ಫರಸಿಕಲ್ಲು ಹೊತ್ತು ಬಂದ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗಂಡಸರು ಉಂಡೆದ್ದ ಮೇಲೆ ಉಳಿದರೆ ಅವಳಿಗೆ.

ಒಂದು ಸಂಜೆ ಶಾಲೆಯಲ್ಲಿ ಕಲಿತದ್ದನ್ನು ಅವಳಿಗೆ ಹೇಳಿದೆ: "ಉಂಡದ್ದನ್ನ ಮೈಯಾಗಿನ ಜೀವಕೋಶಗಳು ಉಸಿರಿನ ಗಾಳಿ ಕೂಡಿಸಿ ಉರಸ್ತಾವಂತ, ಶಕ್ತಿ ಹಂಗ ಬರ್ತದಂತ. ಊಟ ಸಾಲ್ದಿದ್ರ ಮೈಯಾಗಿನ ಕೊಬ್ಬು, ಆಮ್ಯಾಲ ಮಾಂಸನೂ ಉರಸ್ತಾವಂತ."

"ಭಾಳ ಶಾಣ್ಯಾಕಿ ಆಗೀದಿ," ಎಂದು ಅಪ್ಪ ಇನ್ನೊಂದು ರೊಟ್ಟಿಗೆ ಕೈಚಾಚಿದ.

ಅವ್ವ ಮಣಿಕಟ್ಟಿನ ಬಳೆಗಳನ್ನು ಮೇಲಕ್ಕೆ ತಳ್ಳಿದಳು. ಎಲ್ಲೂ ತಡೆಯದೆ ಮೊಣಕೈತನಕ ಹೋದವು. "ನಿಮ್ಮ ಮಾಸ್ತರು ಖರೇನ ಹೇಳ್ಯಾರವ್ವಾ," ಅಂದಳು.

ಈಗ ನನ್ನ ಮನೆಯಲ್ಲಿ ಮೊದಲ ರೊಟ್ಟಿಯನ್ನು ನಾನೇ, ಒಲೆಯ ಮುಂದೆಯೇ ತಿನ್ನುತ್ತೇನೆ. ಗಂಡಸರು ಮುಖ ಕಿವುಚುತ್ತಾರೆ. ಕಿವುಚಲಿ.